ಹಿಡಿಕೆಗೆ ಉಕ್ಕಿನ ಫರ್ಮಾ ಬೇಕು

ಮಾನ್ಯ ಸಂಪಾದಕರೇ,

ಕೈಯಿಂದ ಮಾಡಿದ ಸಾಮಾನು ಒಂದರಂತೆ ಇನ್ನೊಂದು ಇರಲ್ಲ, ಅದೇ ಅದರ ಚೆಂದ ಅಂತ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಗೋಡೆಗೆ ತೂಗುಹಾಕುವ ಸಾಮಾನಿಗೆ ಆ ಮಾತು ಸರಿ. ನಾನು ಹಾವೇರಿಯಲ್ಲಿ ಮಚ್ಚುಗಳಿಗೆ ಜಾಲಿ ಕಟ್ಟಿಗೆಯ ಹಿಡಿಕೆ ಕೂರಿಸುವವನು. ಹೋದ ಸುಗ್ಗಿಯಲ್ಲಿ ಗೋವಿನಜೋಳದ ದಂಟು ಕಡಿಯುವ ಹೆಣ್ಣುಮಗಳೊಬ್ಬರು ಮಚ್ಚು ವಾಪಸ್ ತಂದರು. ‘ಯಣ್ಣಾ, ಹೋದ ವರ್ಷ ಕೊಟ್ಟದ್ದು ಕೈಯಾಗ ಕುಂತಿತ್ತು. ಇದ್ಯಾಕ ಕುಂದ್ರವಲ್ದು?’ ಅಂತ ಅಂಗೈ ತೋರಿಸಿದರು. ಎರಡು ಗುಳ್ಳೆ ಎದ್ದಿದ್ದವು. ಇದರಲ್ಲಿ ಚೆಂದ ಎಲ್ಲಿ ಬಂತು?

ತಪ್ಪು ನನ್ನದೇ. ಪ್ಲೈವುಡ್ಡಿನ ಫರ್ಮಾ, ಅಂದರೆ ಹಿಡಿಕೆಯ ಆಕಾರದ ಮಾದರಿ ಪಟ್ಟಿ, ಇಟ್ಟು ಅದರ ಸುತ್ತ ಕಾನಸು (ಉಜ್ಜುವ ಅರ) ಆಡಿಸುತ್ತಿದ್ದೆ. ಕಾನಸಿಗೆ ಹಿಡಿಕೆ ಯಾವುದು, ಫರ್ಮಾ ಯಾವುದು ಗೊತ್ತಾಗುತ್ತಾ? ಎರಡನ್ನೂ ತಿನ್ನುತ್ತದೆ. ಹಳೆಯ ಹಿಡಿಕೆಯ ಮೇಲೆ ಹೊಸದನ್ನು ಇಟ್ಟು ನೋಡಿದೆ. ನಡುವಿನಲ್ಲಿ ಒಂದು ಸೂತ ಕಡಿಮೆ, ಅಂದರೆ ಸುಮಾರು 3 ಮಿಲಿಮೀಟರ್. ಆಮೇಲೆ ತಗಡಿನಲ್ಲಿ ಮಾಡಿದೆ. ಸಾದಾ ಕಬ್ಬಿಣವನ್ನೂ ಕಾನಸು ಬಿಡಲಿಲ್ಲ, ಸ್ವಲ್ಪ ನಿಧಾನ ಅಷ್ಟೇ.

ಕೊನೆಗೆ ಸಾಮಿಲ್‌ನಲ್ಲಿ ಬಿದ್ದಿದ್ದ ಹಳೆಯ ಗರಗಸದ ಚಕ್ರ ತಂದೆ. ಕಮ್ಮಾರರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟರೆ ಅದು ಮೆತ್ತಗಾಗುತ್ತದೆ. ಮರುದಿನ ಒಂದೇ ಅಳತೆಯ ಎರಡು ಪಟ್ಟಿ ಕೊಯ್ದು, ತಿದ್ದಿ, ಜೋಡಿಸಿ ಹಿಡಿದು ತೂತು ಹಾಕಿದೆ. ಎಲ್ಲ ತೂತನ್ನೂ ಆಗಲೇ ಹಾಕಿ ಮುಗಿಸಬೇಕು, ಆಮೇಲೆ ಡ್ರಿಲ್ ಇಳಿಯಲ್ಲ. ಮತ್ತೆ ಕಾಯಿಸಿ, ಅಯಸ್ಕಾಂತ ಅಂಟದಷ್ಟು ಕೆಂಪಾದ ಮೇಲೆ ಇನ್ನೊಂಚೂರು ಕಾವು ಕೊಟ್ಟು, ಗಟ್ಟಿಯಾಗಲಿ ಅಂತ ಎಣ್ಣೆಗೆ ಅದ್ದಿದೆವು. ಮೊದಲನೆಯದು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು. ಎರಡನೇ ಸಲಕ್ಕೆ ನೆಟ್ಟಗೆ ಬಂತು. ಆದರೆ ಗಾಜಿನಂತೆ ಪೆಡಸು, ಕೈಜಾರಿ ಬಿದ್ದರೆ ಚೂರು. ಅದಕ್ಕೆ ಹೊಳಪು ಬರುವ ಹಾಗೆ ಉಜ್ಜಿ, ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಬಣ್ಣ ಬರುತ್ತಲೇ ತೆಗೆದೆವು. ನೀಲಿಗೆ ಹೋಗಿದ್ದರೆ ಕಾನಸು ಮತ್ತೆ ಕಚ್ಚುತ್ತಿತ್ತು.

ಈಗ ಎರಡು ಪಟ್ಟಿಗಳ ನಡುವೆ ಕಟ್ಟಿಗೆ ಇಟ್ಟು, ಬೋಲ್ಟ್ ಬಿಗಿದು ಉಜ್ಜುತ್ತೇನೆ. ಕಟ್ಟಿಗೆಯ ಮೇಲೆ ಕಾನಸು ಗರಗರ ಅನ್ನುತ್ತದೆ. ಉಕ್ಕು ಮುಟ್ಟಿತೋ, ಕಿರ್ ಅಂತ ಜಾರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ. ಮೂಲೆ ಉರುಟು ಮಾಡುವುದು, ಬೆರಳು ಕೂರುವಲ್ಲಿ ತೆಳ್ಳಗೆ ಮಾಡುವುದು ಫರ್ಮಾ ಬಿಚ್ಚಿದ ಮೇಲೆ, ಕೈಯಲ್ಲೇ. ಹಾಗಾಗಿ ಇದು ಕೈಕೆಲಸ ಅಲ್ಲ ಅಂತ ಯಾರೂ ಹೇಳಬೇಡಿ.

ನಮ್ಮಂಥವರಿಗೆ ಇದನ್ನು ಮಾಡಿಕೊಡುವವರು ಸಿಗಲ್ಲ ಅನ್ನುವುದೇ ತಕರಾರು. ಹುಬ್ಬಳ್ಳಿಯಲ್ಲಿ ಒಂದು ವರ್ಕ್‌ಶಾಪಿಗೆ ಹೋದರೆ ‘ಐವತ್ತು ಪೀಸ್ ಇದ್ರ ಹೇಳ್ರಿ’ ಅಂದರು. ನನಗೆ ಬೇಕಿದ್ದದ್ದು ಎರಡು ಜೋಡಿ, ದೊಡ್ಡ ಕೈಗೊಂದು, ಸಣ್ಣ ಕೈಗೊಂದು. ಇತ್ತ ಐಟಿಐಗಳಲ್ಲಿ ಫಿಟ್ಟರ್ ಕಲಿಯುವ ಹುಡುಗರು ಕಬ್ಬಿಣದ ಪಟ್ಟಿಯನ್ನು ಉಜ್ಜಿ ಉಜ್ಜಿಯೇ ಕೈ ಕುದುರಿಸಿಕೊಳ್ಳುತ್ತಾರೆ. ಉಕ್ಕು ಗಟ್ಟಿ ಮಾಡುವ ಪಾಠವೂ ಅವರಿಗಿದೆ. ನನ್ನ ಮಗನೂ ಅದೇ ಓದಿದವನು. ಅವನು ಎರಡು ವರ್ಷ ಉಜ್ಜಿದ್ದೆಲ್ಲ ಗುಜರಿಗೆ ಹೋಯಿತು. ಅದರಲ್ಲಿ ನಾಲ್ಕು ಪಟ್ಟಿಯಾದರೂ ಊರಿನ ಬಡಿಗರ ಫರ್ಮಾ ಆಗಿದ್ದರೆ? ಉಕ್ಕು ನಾವು ತಂದು ಕೊಡುತ್ತೇವೆ, ಕೂಲಿ ಎಷ್ಟು ಅಂತ ಅವರೇ ಹೇಳಲಿ. ಜಿಲ್ಲೆಯ ಐಟಿಐ ಪ್ರಾಚಾರ್ಯರು ಯಾರಾದರೂ ಇದನ್ನು ಓದಿದರೆ ಒಂದು ದಿನ ಗೊತ್ತು ಮಾಡಲಿ. ಸೊಟ್ಟಗಾದ ಆ ಮೊದಲನೇ ಪಟ್ಟಿಯನ್ನೂ ತರುತ್ತೇನೆ, ಹುಡುಗರು ನೋಡಲಿ.

– ಒಬ್ಬ ಬಡಿಗ, ಹಾವೇರಿ