ಎಲ್ಲ ಹಠಕ್ಕೂ ಒಂದೇ ಅರ್ಥ ಬೇಡ

ಮಾನ್ಯ ಸಂಪಾದಕರೇ,

ತಮ್ಮ ಶಿಕ್ಷಣ ಪುಟದಲ್ಲಿ ಬರುವ ಇಂಗ್ಲಿಷ್ ಸಮಾನಾರ್ಥಕ ಪದಗಳ ಪಟ್ಟಿಯನ್ನು ದಾವಣಗೆರೆಯಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಅಷ್ಟು ನಂಬಿಕೆ ಇರುವುದರಿಂದಲೇ ಈ ಪತ್ರ. ‘ಸ್ಟಬರ್ನ್’ ಪದದ ಮುಂದೆ ಆಬ್‌ಸ್ಟಿನೇಟ್, ಅಡಮೆಂಟ್, ಆಬ್‌ಡ್ಯುರೇಟ್, ಇನ್‌ಟ್ರಾನ್ಸಿಜೆಂಟ್, ರಿಕ್ಯಾಲ್ಸಿಟ್ರಂಟ್, ಟೆನೇಶಿಯಸ್ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಕೊನೆಗೆ ‘ಹಠಮಾರಿ’ ಎಂದು ಒಂದೇ ಅರ್ಥ ಬರೆದರೆ ಓದುವವರ ದಾರಿ ತಪ್ಪುತ್ತದೆ.

ಕನ್ನಡದಲ್ಲಿ ನಾವು ಹೀಗೆ ಮಾಡುವುದಿಲ್ಲ. ಛಲ ಬೇರೆ, ಹಠ ಬೇರೆ, ಮೊಂಡುತನ ಬೇರೆ. ಚಿತ್ರದುರ್ಗದ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನನ್ನು ಯಾರೂ ಮೊಂಡಿ ಎನ್ನುವುದಿಲ್ಲ. ಆದರೆ ಪಟ್ಟಿ ಬಾಯಿಪಾಠ ಮಾಡಿದ ವಿದ್ಯಾರ್ಥಿ ಇಂಗ್ಲಿಷ್ ಪ್ರಬಂಧದಲ್ಲಿ ಓಬವ್ವ ‘ಆಬ್‌ಸ್ಟಿನೇಟ್’ ಎಂದು ಬರೆಯುತ್ತಾನೆ. ಅಲ್ಲಿಗೆ ಬೇಕಾದದ್ದು ‘ರೆಸಲ್ಯೂಟ್’, ಅಂದರೆ ದೃಢಸಂಕಲ್ಪದ. 1779ರಲ್ಲಿ ಕೋಟೆ ಬೀಳುವವರೆಗೂ ಹೈದರಾಲಿಯ ಮುತ್ತಿಗೆಯನ್ನು ಎದುರಿಸಿದ ಮದಕರಿ ನಾಯಕನಿಗೆ ‘ಅನ್‌ಯೀಲ್ಡಿಂಗ್’ ಒಪ್ಪುತ್ತದೆ. ಅದರಲ್ಲಿ ಮೆಚ್ಚುಗೆಯೂ ಇರಬಹುದು, ಬರೀ ವರ್ಣನೆಯೂ ಆಗಬಹುದು. ‘ಪಿಗ್-ಹೆಡೆಡ್’ ಎಂದರೆ ಬೈಗುಳವೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಅದು ಸರಿ.

ನಮ್ಮ ಕಡೆ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದು ‘ಅಡಮೆಂಟ್’. ಶಾಲೆಯ ಪೋಷಕರ ಸಭೆಯಲ್ಲಿ ‘ನಮ್ಮ ಹುಡುಗ ತುಂಬಾ ಅಡಮೆಂಟ್ ಸರ್’ ಎಂಬ ಮಾತು ಕೇಳಿಬರುತ್ತಲೇ ಇರುತ್ತದೆ. ಆ ಪದ ಸ್ವಭಾವಕ್ಕೆ ಸಲ್ಲುವುದಲ್ಲ, ಯಾವುದೋ ಒಂದು ವಿಷಯದಲ್ಲಿ ತಳೆದ ನಿಲುವಿಗೆ ಸಲ್ಲುವುದು. ಸೈಟ್ ಮಾರುವುದಿಲ್ಲವೆಂದು ಯಜಮಾನರು ಅಡಮೆಂಟ್ ಆಗಿದ್ದಾರೆ ಎಂದರೆ ಸರಿ, ಅದರಲ್ಲಿ ನಿಂದೆಯೂ ಇಲ್ಲ. ಹುಟ್ಟಾ ಹಠದ ಮಗುವಿಗೆ ‘ಸ್ಟಬರ್ನ್’ ಅಥವಾ ‘ಹೆಡ್‌ಸ್ಟ್ರಾಂಗ್’ ಎನ್ನಬೇಕು. ವ್ಯಾಕರಣವೂ ಗಮನದಲ್ಲಿರಲಿ: ‘ಅಡಮೆಂಟ್’ ಸಾಮಾನ್ಯವಾಗಿ ‘ಈಸ್’, ‘ವಾಸ್’ ನಂತರ ಬರುತ್ತದೆ, ಅದಾದ ಮೇಲೆ ‘ದಟ್’ ಅಥವಾ ‘ಅಬೌಟ್’ ಬರುತ್ತದೆ. ‘ಆ್ಯನ್ ಅಡಮೆಂಟ್ ಮ್ಯಾನ್’ ಎಂದು ಬರೆದರೆ ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆ.

ಉಳಿದವುಗಳಲ್ಲಿ ಯಾರು ಯಾರ ಎದುರು ಬಗ್ಗುತ್ತಿಲ್ಲ ಎಂಬುದನ್ನು ಹಿಡಿದರೆ ಅರ್ಧ ಕೆಲಸ ಆದಂತೆ. ‘ರಿಕ್ಯಾಲ್ಸಿಟ್ರಂಟ್’ ಪದದ ಲ್ಯಾಟಿನ್ ಮೂಲದಲ್ಲಿ ಹಿಮ್ಮಡಿಯಿಂದ ಒದೆಯುವುದು ಎಂಬ ಅರ್ಥವಿದೆ. ಹಾಗಾಗಿ ಮೇಲಿನವರ ಅಧಿಕಾರಕ್ಕೆ ಜಗ್ಗದ ಕೈಕೆಳಗಿನವರಿಗೆ, ಶಿಸ್ತಿಗೆ ಬಗ್ಗದ ವಿದ್ಯಾರ್ಥಿಗೆ ಅದು. ಮೇಲಧಿಕಾರಿಯನ್ನು ಹಾಗೆ ಕರೆಯಲು ಬರುವುದಿಲ್ಲ. ‘ಇನ್‌ಟ್ರಾನ್ಸಿಜೆಂಟ್’ ಮಾತುಕತೆಯ ಮೇಜಿನ ಪದ. 1873ರ ಸ್ಪೇನ್ ಗಣರಾಜ್ಯದ ಕಾಲದಲ್ಲಿ ಯಾವ ರಾಜಿಗೂ ಒಪ್ಪದ ಕಡು ಗಣರಾಜ್ಯವಾದಿಗಳಿಗೆ ಇದ್ದ ಹೆಸರಿನಿಂದ ಅದು ಇಂಗ್ಲಿಷಿಗೆ ಬಂತು. ಪಕ್ಷ, ಸಂಘಟನೆ, ಸರ್ಕಾರಗಳ ವಿಷಯದಲ್ಲೇ ಅದರ ಬಳಕೆ ಹೆಚ್ಚು. ‘ಆಬ್‌ಡ್ಯುರೇಟ್’ ಪದದಲ್ಲಿ ಕಲ್ಲೆದೆ ಇದೆ: ಕಣ್ಣೀರಿಗೆ ಕರಗದವರು, ತಪ್ಪು ಮಾಡಿಯೂ ಮರುಗದವರು. ಅದರ ವಿರುದ್ಧ ಪದ ಕೇಳಿದರೆ ‘ಫ್ಲೆಕ್ಸಿಬಲ್’ (ಬಗ್ಗುವ) ಬದಲು ‘ಕಂಪ್ಯಾಶನೇಟ್’ (ಕರುಣೆಯುಳ್ಳ) ಕಡೆ ನೋಡಬೇಕಾಗುವುದು ಅದಕ್ಕೇ. ‘ಆಬ್‌ಸ್ಟಿನೇಟ್’ಗೆ ‘ಅಮೀನಬಲ್’ (ಹೇಳಿದ್ದಕ್ಕೆ ಒಪ್ಪುವ), ‘ರಿಕ್ಯಾಲ್ಸಿಟ್ರಂಟ್’ಗೆ ‘ಡೋಸೈಲ್’ (ಸಾಧು) ಅಥವಾ ‘ಕಂಪ್ಲಾಯಂಟ್’ (ಹೇಳಿದಂತೆ ಕೇಳುವ) ವಿರುದ್ಧ ಪದಗಳು. ಕಲೆ, ಕೆಮ್ಮು ಮುಂತಾದ ಬಿಡದ ವಸ್ತು, ಕಾಯಿಲೆಗೂ ‘ಸ್ಟಬರ್ನ್’ ಹೊಂದುತ್ತದೆ. ಔಷಧಕ್ಕೆ ಜಗ್ಗದ ಮೂರ್ಛೆರೋಗಕ್ಕೆ ವೈದ್ಯರು ‘ರಿಫ್ರ್ಯಾಕ್ಟರಿ’ ಎನ್ನುತ್ತಾರೆ. ಕುಲುಮೆಯ ಬೆಂಕಿ ತಾಳುವ ಇಟ್ಟಿಗೆಗೂ ಅದೇ ಪದ.

ಪದದ ಆಯ್ಕೆ ಬರೀ ಅಂಕದ ಮಾತಲ್ಲ. ಭದ್ರಾ ನಾಲೆಯ ಕೊನೆ ಭಾಗದ ರೈತರು ನೀರು ಬರುವವರೆಗೆ ಏಳುವುದಿಲ್ಲವೆಂದು ಪಟ್ಟು ಹಿಡಿದು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ‘ಫರ್ಮ್’ ಎಂದರೆ ಬೇಡಿಕೆಗೆ ಗೌರವ ಕೊಟ್ಟಂತೆ. ‘ಆಬ್‌ಸ್ಟಿನೇಟ್’ ಎಂದರೆ ತಪ್ಪು ಅವರದೇ ಎಂದು ತೀರ್ಪು ಕೊಟ್ಟಂತೆ. ‘ರಿಕ್ಯಾಲ್ಸಿಟ್ರಂಟ್’ ಎಂದರೆ ರೈತರು ಸರ್ಕಾರದ ಆಳುಗಳು ಎಂದಂತಾಗುತ್ತದೆ. ವರದಿ ಬರೆಯಲಿರುವ ಪತ್ರಿಕೋದ್ಯಮದ ಮಕ್ಕಳಿಗೆ, ನಾಳೆ ಕಚೇರಿಯಲ್ಲಿ ಕಡತದ ಟಿಪ್ಪಣಿ ಬರೆಯಲಿರುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಪರೀಕ್ಷೆಯ ವಿಚಾರಕ್ಕೆ ಬಂದರೆ, ಕೇಂದ್ರ ಸರ್ಕಾರದ ಹುದ್ದೆಗಳಿಗೆ ಪದವೀಧರರು ಬರೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, ಸರಿಗೆ 2 ಅಂಕ, ತಪ್ಪಿಗೆ 0.50 ಕಡಿತ. ಖಾಲಿ ಜಾಗ ತುಂಬುವ ಪ್ರಶ್ನೆಯ ಆಯ್ಕೆಗಳಲ್ಲಿ ‘ಟೆನೇಶಿಯಸ್’, ‘ಆಬ್‌ಸ್ಟಿನೇಟ್’ ಎರಡೂ ಇದ್ದರೆ ಪಟ್ಟಿ ಕಲಿತವರು ಅಲ್ಲೇ ತಡವರಿಸುತ್ತಾರೆ. ಮೊದಲು ವಾಕ್ಯ ಹೊಗಳುತ್ತಿದೆಯೋ ತೆಗಳುತ್ತಿದೆಯೋ ನೋಡಬೇಕು. ಸೋತರೂ ಬಿಡದೆ ಗೆದ್ದ ಎಂಬ ಸುಳಿವಿದ್ದರೆ ‘ಟೆನೇಶಿಯಸ್’, ‘ಪರ್ಸಿಸ್ಟೆಂಟ್’, ‘ಡಾಗ್ಡ್’ ಗುಂಪು. ಬುದ್ಧಿ ಹೇಳಿದರೂ ಕೇಳಲಿಲ್ಲ ಎಂದಿದ್ದರೆ ‘ಆಬ್‌ಸ್ಟಿನೇಟ್’. ಇಲ್ಲಿ ‘ಡಾಗ್ಡ್’ ಎಂದು ಬರೆದಿದ್ದರೂ ಗುಣವಾಚಕವಾಗಿ ಅದರ ಉಚ್ಚಾರ ‘ಡಾಗಿಡ್’. ‘ಆಬ್‌ಸ್ಟಿನೇಟ್’ ಕೂಡ ಬಾಯಲ್ಲಿ ‘ಆಬ್‌ಸ್ಟಿನಟ್’ ಎಂದೇ ಆಗಬೇಕು, ಒತ್ತು ಮೊದಲಕ್ಷರಕ್ಕೆ. ‘ಸ್ಟಬರ್ನ್‌ನೆಸ್’ ಬರೆಯುವಾಗ ನಡುವೆ ಎರಡು ‘ಎನ್’ ಇರಬೇಕು, ಒಂದನ್ನು ನುಂಗುವವರೇ ಬಹಳ.

ಆದ್ದರಿಂದ ತಮ್ಮಲ್ಲಿ ವಿನಂತಿ: ದಿನಕ್ಕೆ ಇಪ್ಪತ್ತು ಪದಗಳ ಬದಲು ನಾಲ್ಕೇ ಇರಲಿ. ಪ್ರತಿಯೊಂದಕ್ಕೂ ಒಂದು ಪೂರ್ಣ ವಾಕ್ಯ, ಹೊಗಳಿಕೆಯೋ ತೆಗಳಿಕೆಯೋ ಎಂಬ ಗುರುತು, ಯಾರಿಗೆ ಬಳಸಬಹುದು ಎಂಬ ಸೂಚನೆ, ಒಂದು ವಿರುದ್ಧ ಪದ, ಕನ್ನಡ ಲಿಪಿಯಲ್ಲಿ ಉಚ್ಚಾರ ಕೊಡಿ. ಈಗಿನಷ್ಟೇ ಜಾಗದಲ್ಲಿ ಇದೆಲ್ಲ ಹಿಡಿಯುತ್ತದೆ.

– ಇಂಗ್ಲಿಷ್ ಉಪನ್ಯಾಸಕರು, ದಾವಣಗೆರೆ