ಕೋಚೀಸ್ ಕೌಂಟಿಯ ಬೋರುಗಳು ಮತ್ತು ನಮ್ಮ ನಲ್ಲಿ

ಪ್ರಿಯ ಓದುಗರೆ, ನಮಸ್ಕಾರ.

ಚಳಿಗಾಲ ಬಂತೆಂದರೆ ಇಲ್ಲಿ ಅರಿಜೋನಾದ ನಮ್ಮ ಕನ್ನಡಿಗರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳ ಫೋಟೋಗಳು ಬರತೊಡಗುತ್ತವೆ. ಫೀನಿಕ್ಸ್‌ನಿಂದ, ಟೂಸಾನ್‌ನಿಂದ ಕತ್ತಲಿರುವಾಗಲೇ ಕಾರು ಹತ್ತಿ ಕೋಚೀಸ್ ಕೌಂಟಿಗೆ ಹೋಗಿ ಬರುವ ಕುಟುಂಬಗಳು ವರ್ಷವರ್ಷವೂ ಜಾಸ್ತಿ ಆಗುತ್ತಿವೆ. ಬರುವಾಗ ಒಂದು ಚೀಲ ಪಿಸ್ತಾ, ಬಿಸ್ಬಿ ಊರಿನ ಮೆಟ್ಟಿಲುಗಳ ಮೇಲೆ ತೆಗೆದ ನಾಲ್ಕು ಫೋಟೋ. ಒಳ್ಳೆಯದೇ. ನೋಡಲೇಬೇಕಾದ ಸೀಮೆ ಅದು. ಆದರೆ ಅಲ್ಲಿ ಬದುಕುವ ಜನ ಹೇಗಿದ್ದಾರೆ ಅನ್ನುವ ಮಾತು ನಮ್ಮ ನಡುವೆ ಬರುವುದೇ ಇಲ್ಲ. ಈ ಸಲ ಅದನ್ನೇ ಬರೆಯಬೇಕು ಅನ್ನಿಸಿತು. ಅಲ್ಲಿನ ಬೋರುಗಳು ಬತ್ತುತ್ತಿರುವುದಕ್ಕೂ ಇಲ್ಲಿ ನಮ್ಮ ನಲ್ಲಿಯಲ್ಲಿ ನಿಶ್ಚಿಂತೆಯಾಗಿ ನೀರು ಬರುತ್ತಿರುವುದಕ್ಕೂ ಒಂದೇ ಕಾನೂನಿನ ನಂಟಿದೆ.

ಮೊದಲು ನೆಲದ ವಿಷಯ. ಅರಿಜೋನಾದ ಆಗ್ನೇಯ ಮೂಲೆಯಲ್ಲಿದೆ ಈ ಕೌಂಟಿ. ಪೂರ್ವಕ್ಕೆ ನ್ಯೂ ಮೆಕ್ಸಿಕೊ, ದಕ್ಷಿಣಕ್ಕೆ ಮೆಕ್ಸಿಕೊ ದೇಶ. ವಿಸ್ತಾರ ಸುಮಾರು 6,200 ಚದರ ಮೈಲಿ, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಹೆಚ್ಚುಕಡಿಮೆ ಎರಡರಷ್ಟು. ಜನ ಮಾತ್ರ ಒಂದೂಕಾಲು ಲಕ್ಷ. ಅದರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಸಿಯೆರಾ ವಿಸ್ಟಾ ಎಂಬ ಒಂದೇ ಊರಿನಲ್ಲಿದ್ದಾರೆ. ಉಳಿದ ಕಡೆ ಮೈಲಿಗಟ್ಟಲೆ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಮನೆ. ಐ-10 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗುವಾಗ ಟೆಕ್ಸಸ್ ಕ್ಯಾನ್ಯನ್ ಹತ್ತಿರ ಒಂದರ ಮೇಲೊಂದು ಕೂತ ದೊಡ್ಡ ದೊಡ್ಡ ಬಂಡೆ ನೋಡಿ ಹಂಪಿ ನೆನಪಾಗದ ಕನ್ನಡಿಗರು ಇರಲಾರರು. ಅದನ್ನು ದಾಟಿದರೆ ಸಲ್ಫರ್ ಸ್ಪ್ರಿಂಗ್ಸ್ ಕಣಿವೆ. ಕಣಿವೆಯ ನೆಲವೇ ಸುಮಾರು 4,000 ಅಡಿ ಎತ್ತರದಲ್ಲಿದೆ. ಅದರಾಚೆಗೆ ಚಿರಿಕಾವಾ ಬೆಟ್ಟಸಾಲು 9,700 ಅಡಿಗೂ ಮೇಲೆ ಏರುತ್ತದೆ. ಕೆಳಗೆ ಮುಳ್ಳುಗಿಡ, ಮೇಲೆ ಪೈನ್ ಕಾಡು. ಮರುಭೂಮಿಯ ನಡುವೆ ನಡುಗಡ್ಡೆಗಳ ಹಾಗೆ ನಿಂತ ಇಂಥ ಬೆಟ್ಟಗಳನ್ನು ಇಲ್ಲಿ ‘ಸ್ಕೈ ಐಲ್ಯಾಂಡ್’ ಎನ್ನುತ್ತಾರೆ.

ಕೌಂಟಿಗೆ ಹೆಸರು ಬಂದದ್ದು ಚಿರಿಕಾವಾ ಅಪಾಚೆ ಎಂಬ ಮೂಲನಿವಾಸಿ ಜನರ ನಾಯಕ ಕೋಚೀಸ್‌ನಿಂದ. ಅಮೆರಿಕದ ಸೈನ್ಯದ ವಿರುದ್ಧ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದವನು. 1872ರಲ್ಲಿ ಜನರಲ್ ಹೋವರ್ಡ್ ಬೆಟ್ಟಕ್ಕೇ ಬಂದು ಮಾತಾಡಿದ ಮೇಲೆ ಯುದ್ಧ ನಿಂತಿತು. ಅವರದೇ ನೆಲದಲ್ಲಿ ಅವರಿಗೆ ಮೀಸಲು ಪ್ರದೇಶ ಸಿಕ್ಕಿತು. 1874ರಲ್ಲಿ ಕೋಚೀಸ್ ತೀರಿಕೊಂಡ. ಡ್ರಗೂನ್ ಬೆಟ್ಟಗಳಲ್ಲಿ ಅವನನ್ನು ಎಲ್ಲಿ ಮಣ್ಣು ಮಾಡಿದರೆಂಬ ಗುಟ್ಟನ್ನು ಅವನ ಜನ ಬಿಟ್ಟುಕೊಡಲೇ ಇಲ್ಲ. 1876ರಲ್ಲಿ ಸರ್ಕಾರ ಮೀಸಲು ಪ್ರದೇಶವನ್ನೇ ರದ್ದು ಮಾಡಿತು. ಹತ್ತು ವರ್ಷದ ಬಳಿಕ ಅಪಾಚೆ ಹೋರಾಟಗಾರ ಜೆರೋನಿಮೊ ಇದೇ ಕೌಂಟಿಯ ಸ್ಕೆಲಿಟನ್ ಕ್ಯಾನ್ಯನ್‌ನಲ್ಲಿ ಶರಣಾದ. ಚಿರಿಕಾವಾ ಜನರನ್ನು ಹೆಂಗಸರು, ಮಕ್ಕಳು ಎನ್ನದೆ ರೈಲು ಹತ್ತಿಸಿ ಫ್ಲೋರಿಡಾಕ್ಕೆ ಕಳಿಸಿದರು. ಸೈನ್ಯಕ್ಕೆ ದಾರಿ ತೋರಿಸಿದ ಅಪಾಚೆ ಸ್ಕೌಟ್‌ಗಳನ್ನೂ ಬಿಡಲಿಲ್ಲ. 27 ವರ್ಷ ಯುದ್ಧಕೈದಿಗಳಾಗಿಯೇ ಉಳಿದರು. ಯಾರ ಹೆಸರನ್ನು ಕೌಂಟಿಗೆ ಇಟ್ಟರೋ ಅವನ ಜನಕ್ಕೆ ಆ ನೆಲದಲ್ಲಿ ಒಂದು ಊರೂ ಉಳಿಯಲಿಲ್ಲ. ಚಿರಿಕಾವಾ ನ್ಯಾಷನಲ್ ಮಾನ್ಯುಮೆಂಟ್‌ನ ಕಲ್ಲಿನ ಕಂಬಗಳನ್ನು ಮಕ್ಕಳಿಗೆ ತೋರಿಸುವಾಗ ಈ ಕಥೆಯನ್ನೂ ಹೇಳಿ.

ಆಮೇಲೆ ಬಂದದ್ದು ಗಣಿ. ಟೂಮ್‌ಸ್ಟೋನ್ ಊರು ನಮಗೆಲ್ಲ ಗೊತ್ತಿರುವುದು 1881ರ ಓಕೆ ಕೊರಾಲ್ ಗುಂಡಿನ ಕಾಳಗದಿಂದ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅದೇ ವರ್ಷ ನೆಲದ ಕೆಳಗೆ ನಡೆದ ಇನ್ನೊಂದು ಸಂಗತಿ. ಬೆಳ್ಳಿ ಅಗೆಯುತ್ತಾ ಸುಮಾರು 500 ಅಡಿ ಇಳಿದವರಿಗೆ ನೀರು ಎದುರಾಯಿತು. ಸಣ್ಣ ಜಿನುಗಲ್ಲ, ಗಣಿಯನ್ನೇ ಮುಳುಗಿಸುವ ನೀರು. ದೊಡ್ಡ ದೊಡ್ಡ ಪಂಪ್ ತಂದು ಹಗಲೂ ರಾತ್ರಿ ಎತ್ತಿ ಹೊರಗೆ ಚೆಲ್ಲಿದರು. 1886ರಲ್ಲಿ ಪಂಪುಗಳಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿಗೆ ಟೂಮ್‌ಸ್ಟೋನ್‌ನ ಬೆಳ್ಳಿಯ ಕಾಲ ಹೆಚ್ಚುಕಡಿಮೆ ಮುಗಿಯಿತು. ಅಂತರ್ಜಲ ಬೇಡವೆಂದು ಬೈದುಕೊಂಡು ಹೊರಗೆ ಚೆಲ್ಲಿದ ಕೌಂಟಿ ಇದು.

ಬಿಸ್ಬಿಯದು ತಾಮ್ರ. ಕಾಪರ್ ಕ್ವೀನ್ ಗಣಿ ಸುಮಾರು ನೂರು ವರ್ಷ ಊರನ್ನು ಸಾಕಿತು. 1917ರ ಜುಲೈ 12ರಂದು ಅಲ್ಲಿ ನಡೆದದ್ದನ್ನು ಮಾತ್ರ ಮರೆಯುವ ಹಾಗಿಲ್ಲ. ಕೂಲಿ ಮತ್ತು ಸುರಕ್ಷತೆಗಾಗಿ ಮುಷ್ಕರ ಹೂಡಿದ್ದ ಸುಮಾರು 1,200 ಮಂದಿಯನ್ನು ಶೆರಿಫ್ ಮತ್ತು ಅವನು ಕೈಗೆ ಬಂದೂಕು ಕೊಟ್ಟ ಸುಮಾರು 2,000 ಜನ ಬೆಳ್ಳಂಬೆಳಗ್ಗೆ ಮನೆಮನೆಯಿಂದ ಎಳೆದು ತಂದರು. ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಬಿಟ್ಟು ಬಂದರು. ಅದರಲ್ಲಿ ಮೆಕ್ಸಿಕನ್ನರು, ಪೂರ್ವ ಯುರೋಪಿನಿಂದ ಬಂದವರು ತುಂಬ ಜನ. ಇದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಹೊರಗಿನಿಂದ ಬಂದು ಇಲ್ಲಿ ದುಡಿಯುವ ನಮ್ಮಂಥವರಿಗೆ ಇದು ಹಳೆಯ ಕಥೆ ಅನ್ನಿಸಬಾರದು.

1970ರ ದಶಕದಲ್ಲಿ ಬಿಸ್ಬಿಯ ಗಣಿ ಮುಚ್ಚಿತು. 1987ರಲ್ಲಿ ಡಗ್ಲಸ್‌ನ ತಾಮ್ರ ಕರಗಿಸುವ ಕಾರ್ಖಾನೆಯೂ ನಿಂತಿತು. ಬಿಸ್ಬಿಯಲ್ಲಿ ಈಗ ಸುಮಾರು 5,000 ಜನ. ಕಲಾವಿದರು, ನಿವೃತ್ತರು, ಪ್ರವಾಸಿಗಳು ಆ ಊರನ್ನು ಹಿಡಿದಿಟ್ಟಿದ್ದಾರೆ. ಡಗ್ಲಸ್ ಬದುಕಿರುವುದು ಗಡಿಯಾಚೆಯ ಆಗ್ವಾ ಪ್ರಿಯೆತಾ ಊರಿನ ಜೊತೆ. ಬೇಲಿಯ ಆಚೆ ಅಜ್ಜಿ ಮನೆ, ಈಚೆ ಮೊಮ್ಮಕ್ಕಳ ಶಾಲೆ ಇರುವ ಸಂಸಾರಗಳು ಅಲ್ಲಿ ಸಾಮಾನ್ಯ. ಸಿಯೆರಾ ವಿಸ್ಟಾಗೆ ಅನ್ನ ಕೊಡುವುದು 1877ರಲ್ಲಿ ಶುರುವಾದ ಫೋರ್ಟ್ ವಾಚೂಕಾ ಸೇನಾ ನೆಲೆ. ಕೌಂಟಿಯಲ್ಲಿ ಅದಕ್ಕಿಂತ ಹೆಚ್ಚು ಜನರಿಗೆ ಕೆಲಸ ಕೊಡುವ ಜಾಗ ಬೇರೆ ಇಲ್ಲ. ನಮ್ಮ ಸದಸ್ಯರಲ್ಲೂ ಕೆಲವರು ಆ ಕಡೆಯ ಕೆಲಸದಲ್ಲಿದ್ದಾರೆ.

ಈಗ ವಿಲ್‌ಕಾಕ್ಸ್ ಕಡೆಗೆ ಬರೋಣ. ಒಂದು ಕಾಲಕ್ಕೆ ದನದ ವ್ಯಾಪಾರಕ್ಕೆ ಹೆಸರಾದ ಊರು. ಇವತ್ತು ಸುತ್ತಲಿನ ಕಣಿವೆಯಲ್ಲಿ ಪಿಸ್ತಾ, ಪೆಕಾನ್ ತೋಟಗಳಿವೆ. ಸೇಬು ಇದೆ, ಮೆಣಸಿನಕಾಯಿ ಇದೆ. ಅರಿಜೋನಾದ ವೈನ್ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ವಿಮಾನದ ಕಿಟಕಿಯಿಂದ ಕಾಣುವ ದುಂಡು ದುಂಡು ಹಸಿರು ಹೊಲಗಳು ಮೆಕ್ಕೆಜೋಳ ಮತ್ತು ಅಲ್ಫಾಲ್ಫಾ ಎಂಬ ಮೇವಿನ ಬೆಳೆಯವು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹೊರ ರಾಜ್ಯದ ಒಂದು ಬಹು ದೊಡ್ಡ ಡೈರಿ ಕಂಪನಿ ಸಾವಿರಾರು ಎಕರೆ ಕೊಂಡು ಇಲ್ಲಿ ನೆಲೆಯೂರಿದೆ.

ಇಷ್ಟಕ್ಕೆಲ್ಲ ನೀರು ಎಲ್ಲಿಂದ? ವರ್ಷಕ್ಕೆ ಮಳೆ 12–13 ಇಂಚು. ಅದರಲ್ಲೂ ಹೆಚ್ಚಿನ ಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಾನ್ಸೂನ್ ಮಳೆ. ಹೌದು, ಇಲ್ಲಿನವರೂ ಮಾನ್ಸೂನ್ ಅಂತಲೇ ಕರೆಯುತ್ತಾರೆ. ಕಣಿವೆಯ ಉತ್ತರ ಭಾಗದಲ್ಲಿ ಬಿದ್ದ ನೀರು ಯಾವ ನದಿಗೂ ಹೋಗಿ ಸೇರುವುದಿಲ್ಲ. ವಿಲ್‌ಕಾಕ್ಸ್ ಪ್ಲಾಯಾ ಎಂಬ ಒಣ ಸರೋವರದಲ್ಲಿ ನಿಂತು ಆವಿಯಾಗುತ್ತದೆ. ಕಾಲುವೆ ಇಲ್ಲ, ಅಣೆಕಟ್ಟಿನ ನೀರಿಲ್ಲ. ಇರುವುದು ಬೋರು ಒಂದೇ. ನೆಲದ ಕೆಳಗೆ ಸಾವಿರಾರು ವರ್ಷಗಳಲ್ಲಿ ಕೂಡಿದ ನೀರನ್ನು, ಇಂಗುವುದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ ಎತ್ತುತ್ತಿದ್ದಾರೆ.

ಮುಂದಿನದನ್ನು ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವರು ಸಾವಿರ ಅಡಿ ದಾಟಿ ಕೊರೆಸುತ್ತಾರೆ. ಪಕ್ಕದ ಸಣ್ಣ ಮನೆಯ ಇನ್ನೂರು ಮುನ್ನೂರು ಅಡಿ ಬೋರು ಕೈಕೊಡುತ್ತದೆ. ಮೊದಲು ನೀರಿನ ಜೊತೆ ಗಾಳಿ ಬರುತ್ತದೆ, ಆಮೇಲೆ ಮರಳು, ಆಮೇಲೆ ಮೋಟರ್ ಸುಟ್ಟುಹೋಗುತ್ತದೆ. ಮೋಟರ್ ಕೆಳಗಿಳಿಸಿ ನೋಡುತ್ತಾರೆ. ಆಗಲಿಲ್ಲ ಅಂದರೆ ಹೊಸ ಬೋರು. ರಿಗ್ ಲಾರಿಯವರಿಗೆ ಫೋನ್ ಮಾಡಿದರೆ ತಿಂಗಳುಗಟ್ಟಲೆ ಕಾಯಬೇಕು. ಹತ್ತಾರು ಸಾವಿರ ಡಾಲರ್ ಖರ್ಚು. ಪಿಂಚಣಿಯಲ್ಲಿ ದಿನ ದೂಡುವವರು ಎಲ್ಲಿಂದ ತರಬೇಕು? ಹಾಗಾಗಿ ಪಿಕಪ್ ಟ್ರಕ್ಕಿನ ಹಿಂದೆ ಪ್ಲಾಸ್ಟಿಕ್ ಟ್ಯಾಂಕು ಕೂರಿಸಿಕೊಂಡು ಊರಿಗೆ ಹೋಗಿ ನೀರು ತುಂಬಿಸಿಕೊಂಡು ಬರುತ್ತಾರೆ.

ಕಳೆದ ಸಲ ಆ ಕಡೆ ಹೋದಾಗ ರಸ್ತೆ ಬದಿಯಲ್ಲಿ ಹಣ್ಣು ಮಾರುತ್ತಿದ್ದ ಒಬ್ಬ ಹಿರಿಯರ ಜೊತೆ ಮಾತಾಡಿದೆ. ಅವರ ಟ್ರಕ್ಕಿನಲ್ಲಿ ಅಂಥದೇ ಟ್ಯಾಂಕು. ಪೈಪಿನ ಬಾಯಿಗೆ ಹಳೆಯ ಬಟ್ಟೆ ಸುತ್ತಿ, ತಂತಿಯಿಂದ ಬಿಗಿಯಾಗಿ ಕಟ್ಟಿದ್ದರು, ಒಂದು ಹನಿಯೂ ಸೋರದ ಹಾಗೆ. ಬಟ್ಟೆ ಒಗೆದ ನೀರು ಗಿಡಕ್ಕೆ, ಸ್ನಾನದ ನೀರು ಕಕ್ಕಸಿಗೆ. “ಮನೆ ಮಾರಿ ಹೋಗೋಣವೆಂದರೆ ನೀರಿಲ್ಲದ ಮನೆ ಯಾರು ಕೊಳ್ಳುತ್ತಾರೆ ಹೇಳಿ” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೆಲವೂ ಕುಸಿಯುತ್ತಿದೆ. ಒಳಗಿನ ನೀರು ಖಾಲಿಯಾದಾಗ ಮಣ್ಣಿನ ಪದರ ಅದುಮಿ ಕೂರುತ್ತದೆ. ಹೊಲದಲ್ಲಿ, ರಸ್ತೆಯಲ್ಲಿ ಉದ್ದುದ್ದ ಬಿರುಕು ಬಿಡುತ್ತವೆ. ಮಳೆ ಬಂದರೆ ಆ ಬಿರುಕು ಕೊಚ್ಚಿ ಹಳ್ಳವಾಗುತ್ತದೆ. ಹೀಗೆ ಒಮ್ಮೆ ಅದುಮಿ ಕೂತ ಮಣ್ಣು ಮೊದಲಿನಷ್ಟು ನೀರು ಹಿಡಿಯುವುದಿಲ್ಲ. ಮುಂದೆ ಎಷ್ಟೇ ಒಳ್ಳೆಯ ಮಳೆಯಾದರೂ ಆ ಜಾಗ ಹಿಂದಿರುಗಿ ಬರುವುದಿಲ್ಲ.

ಇದನ್ನು ತಡೆಯುವ ಕಾನೂನು ಇಲ್ಲವೇ ಅಂದರೆ, ಇದೆ. ನಮಗೆ ಇದೆ. 1980ರಲ್ಲಿ ಗವರ್ನರ್ ಬ್ರೂಸ್ ಬ್ಯಾಬಿಟ್ ಕಾಲದಲ್ಲಿ ಅರಿಜೋನಾ ಅಂತರ್ಜಲ ಕಾಯ್ದೆ ತಂದಿತು. ಕೊಲರಾಡೊ ನದಿಯ ನೀರನ್ನು ಫೀನಿಕ್ಸ್, ಟೂಸಾನ್‌ಗೆ ತರುವ ಕಾಲುವೆಗೆ ಹಣ ಬೇಕಿದ್ದರೆ ಮೊದಲು ಅಂತರ್ಜಲಕ್ಕೆ ಲಗಾಮು ಹಾಕಿ ಎಂದು ಕೇಂದ್ರ ಸರ್ಕಾರ ಪಟ್ಟು ಹಿಡಿದಿತ್ತು. ಹಾಗೆ ಫೀನಿಕ್ಸ್, ಟೂಸಾನ್, ಪ್ರೆಸ್ಕಾಟ್, ಪಿನಾಲ್ ಪ್ರದೇಶಗಳು ‘ಎ.ಎಂ.ಎ.’ (ಆ್ಯಕ್ಟಿವ್ ಮ್ಯಾನೇಜ್‌ಮೆಂಟ್ ಏರಿಯಾ, ಅಂತರ್ಜಲದ ಮೇಲೆ ಸರ್ಕಾರದ ಹಿಡಿತ ಇರುವ ಪ್ರದೇಶ) ಆದವು. ಅಂದರೆ ಇಲ್ಲಿ ಹೊಸದಾಗಿ ಜಮೀನಿಗೆ ನೀರು ಹಾಯಿಸುವ ಹಾಗಿಲ್ಲ, ದೊಡ್ಡ ಬೋರಿಗೆ ಮೀಟರು ಬೇಕು, ನೂರು ವರ್ಷಕ್ಕೆ ನೀರಿದೆ ಎಂದು ತೋರಿಸದೆ ಹೊಸ ಬಡಾವಣೆ ಕಟ್ಟುವಂತಿಲ್ಲ. ರಾಜ್ಯದ ಉಳಿದ ನೆಲದಲ್ಲಿ ಬಹುಪಾಲನ್ನು, ಅಂದರೆ ಹಳ್ಳಿಗಾಡನ್ನು, ಹಾಗೇ ಬಿಟ್ಟರು. ಅಲ್ಲಿ ಬೋರು ನೋಂದಾಯಿಸಿದರೆ ಸಾಕು, ಎಷ್ಟು ಬೇಕಾದರೂ ಎತ್ತಬಹುದು. ನಗರದಲ್ಲಿರುವ ನಾವು ಇದರ ಲಾಭ ಪಡೆದವರು. ಹಳ್ಳಿಯವರು ನಲವತ್ತಕ್ಕೂ ಹೆಚ್ಚು ವರ್ಷ ಕಾದರು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ.

2022ರ ನವೆಂಬರ್‌ನಲ್ಲಿ ಸ್ಥಳೀಯರೇ ಸಹಿ ಸಂಗ್ರಹಿಸಿ ಎ.ಎಂ.ಎ. ಬೇಕೇ ಬೇಡವೇ ಎಂದು ಮತಕ್ಕೆ ಹಾಕಿದರು. ಡಗ್ಲಸ್ ಕಡೆ ‘ಬೇಕು’ ಗೆದ್ದಿತು. ಬೋರು ಬತ್ತುವ ಸುದ್ದಿ ಹೆಚ್ಚಾಗಿ ಕೇಳಿಬರುತ್ತಿದ್ದ ವಿಲ್‌ಕಾಕ್ಸ್ ಕಡೆಯೇ ‘ಬೇಡ’ ಗೆದ್ದಿತು. ತಿಳಿವಳಿಕೆ ಇಲ್ಲದ ಜನ ಎಂದು ಕೆಲವರು ಅಂದರು. ಅದು ಸುಲಭದ ಮಾತು. ಸಾಲ ಮಾಡಿ ಪಿಸ್ತಾ ಗಿಡ ನೆಟ್ಟವನು ಫಸಲಿಗೆ ಆರೇಳು ವರ್ಷ ಕಾಯಬೇಕು. ಫೀನಿಕ್ಸ್‌ನ ಅಧಿಕಾರಿ ಬಂದು ತನ್ನ ತೋಟದ ನೀರು ಅಳೆಯುತ್ತಾನೆ ಅಂದರೆ ಅವನಿಗೆ ಹೆದರಿಕೆ ಆಗುವುದು ಸಹಜ ಅಲ್ವಾ? ತಮ್ಮ ಊರಿಗೆ ಹೊಂದುವ ಬೇರೆ ಬಗೆಯ ಕಾನೂನು ಕೊಡಿ ಎಂದು ಅವರಲ್ಲಿ ಅನೇಕರು ಕೇಳುತ್ತಲೇ ಇದ್ದರು. ಶಾಸನಸಭೆಯಲ್ಲಿ ಅಂಥ ಮಸೂದೆಗಳು ವರ್ಷವರ್ಷವೂ ಬಿದ್ದುಹೋದವು. ಕೊನೆಗೆ 2024ರ ಕೊನೆಯಲ್ಲಿ ರಾಜ್ಯದ ಜಲಸಂಪನ್ಮೂಲ ಇಲಾಖೆಯೇ ವಿಲ್‌ಕಾಕ್ಸನ್ನು ಎ.ಎಂ.ಎ. ಮಾಡುವ ತೀರ್ಮಾನ ತೆಗೆದುಕೊಂಡಿತು. ತಡವಾಯಿತು, ಆದರೂ ಸರಿಯಾದ ಕೆಲಸ. ಆದರೆ ಇದು ಮುಖ್ಯವಾಗಿ ಹೊಸ ಜಮೀನಿಗೆ ತಡೆ ಹಾಕುತ್ತದೆ. ಈಗಾಗಲೇ ನೀರು ಹಾಯಿಸುತ್ತಿರುವವರ ಹಕ್ಕು ಮುಂದುವರಿಯುತ್ತದೆ. ಬತ್ತಿದ ಬೋರು ಇದರಿಂದ ತುಂಬುವುದಿಲ್ಲ.

ನಾವು ನೋಡಲು ಹೋಗುವ ಕ್ರೇನ್ ಹಕ್ಕಿಗಳದ್ದೂ ಇದೇ ನಂಟು. ಹತ್ತಾರು ಸಾವಿರ ಹಕ್ಕಿಗಳು ಚಳಿಗಾಲ ಕಳೆಯಲು ಇಲ್ಲಿಗೆ ಬರುವುದಕ್ಕೆ ಒಂದು ದೊಡ್ಡ ಕಾರಣ, ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ಉದುರಿದ ಕಾಳು. ಆ ಮೆಕ್ಕೆಜೋಳ ಬೆಳೆದದ್ದು ಬೋರಿನ ನೀರಿನಲ್ಲಿ. ರಾತ್ರಿ ಅವು ನಿಲ್ಲುವ ವೈಟ್‌ವಾಟರ್ ಡ್ರಾ ಕೊಳಗಳಿಗೂ ಮಳೆ ಕಮ್ಮಿಯಾದಾಗ ಪಂಪಿನ ನೀರೇ ಗತಿ. ಹಾಗಾಗಿ ಬೇಸಾಯವನ್ನೇ ನಿಲ್ಲಿಸಿಬಿಡಿ ಎಂದು ದೂರದಿಂದ ಹೇಳುವುದು ಸರಿಯಲ್ಲ. ಎಷ್ಟು ಎತ್ತಬೇಕು, ಯಾರು ಮೊದಲು ಕಡಿಮೆ ಮಾಡಬೇಕು, ಬೋರು ಕಳೆದುಕೊಂಡ ಬಡವರಿಗೆ ಯಾರು ಕೊರೆಸಿಕೊಡಬೇಕು ಎಂಬುದು ಪ್ರಶ್ನೆ. ಹೆಚ್ಚು ಎತ್ತಿದವರು ಹೆಚ್ಚು ಹೊರೆ ಹೊರಬೇಕು ಎಂಬುದು ನನ್ನ ಸ್ಪಷ್ಟ ನಿಲುವು.

ನಮ್ಮ ಸಂಘದಲ್ಲಿ ಮತದಾರರಾದವರು ನೂರಾರು ಮಂದಿ ಇದ್ದೀರಿ. ಹಳ್ಳಿಗಾಡಿನ ಅಂತರ್ಜಲದ ಮಸೂದೆ ಮತ್ತೆ ಬಂದಾಗ ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಫೋನ್ ಮಾಡಿ, ಇಲ್ಲ ಎರಡು ಸಾಲು ಬರೆಯಿರಿ. ಮಸೂದೆಗೆ ವೋಟು ಹಾಕುವವರಲ್ಲಿ ಹೆಚ್ಚಿನವರು ನಮ್ಮ ನಗರಗಳವರೇ, ಹಾಗಾಗಿ ನಮ್ಮ ಮಾತಿಗೆ ಬೆಲೆ ಇದೆ. ಹಕ್ಕಿ ನೋಡಲು ಹೋದಾಗ ಊಟ, ಪೆಟ್ರೋಲು, ಹಣ್ಣು ಎಲ್ಲವನ್ನೂ ಅಲ್ಲಿನ ಸಣ್ಣ ಅಂಗಡಿಗಳಲ್ಲೇ ಕೊಳ್ಳಿ. ಸಿಯೆರಾ ವಿಸ್ಟಾ, ವಿಲ್‌ಕಾಕ್ಸ್, ಡಗ್ಲಸ್ ಸುತ್ತಮುತ್ತ ಇರುವ ಸದಸ್ಯರು ನಿಮ್ಮ ಮನೆಯ ನೀರಿನ ಕಥೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಎರಡು ಪುಟ ತೆಗೆದಿಟ್ಟಿದ್ದೇವೆ.

ನಿಮ್ಮ ಸಂಪಾದಕ