ಗ್ಯಾದರಿಂಗಿನ ಆಟಕ್ಕೆ ಹಿಮ್ಮೇಳವೂ ಮಕ್ಕಳದ್ದೇ ಇರಲಿ

ಮಾನ್ಯ ಸಂಪಾದಕರೇ,

ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಲವು ಪ್ರೌಢಶಾಲೆಗಳಲ್ಲಿ ಯಕ್ಷಗಾನ ತಂಡಕ್ಕೆ ಮಕ್ಕಳ ಹೆಸರು ಬರೆಸಿಕೊಳ್ಳುತ್ತಾರೆ. ಯಾರಿಗೆ ಯಾವ ವೇಷ ಎಂಬುದೇ ಅಲ್ಲಿ ಮೊದಲ ಮಾತು. ಚಂಡೆ, ಮದ್ದಳೆ, ಭಾಗವತಿಕೆ (ತಾಳ ಹಿಡಿದು ಪದ್ಯ ಹಾಡುವುದು), ಅಂದರೆ ಹಿಮ್ಮೇಳಕ್ಕೆ ಯಾರು ಬರುತ್ತೀರಿ ಎಂದು ಕೇಳುವುದು ಅಪರೂಪ. ಗ್ಯಾದರಿಂಗಿನ (ಶಾಲೆಯ ವಾರ್ಷಿಕೋತ್ಸವದ) ದಿನ ಹೊರಗಿನಿಂದ ಹಿಮ್ಮೇಳ ಕರೆಸಿದರಾಯಿತು, ಅಲ್ಲಿಯವರೆಗೆ ಮೊಬೈಲಿನಲ್ಲಿ ಪದ್ಯ ಹಾಕಿ ಕುಣಿಸಿದರಾಯಿತು ಎಂಬ ಲೆಕ್ಕ ನಡೆಯುತ್ತಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ, 1986ರಲ್ಲಿ ಶಂಭು ಹೆಗಡೆಯವರು ಗುಣವಂತೆಯಲ್ಲಿ ಯಕ್ಷಗಾನ ಕಲಿಕೆಗೆಂದೇ ಕೇಂದ್ರ ತೆರೆದ ಜಿಲ್ಲೆ ಇದು. ಇಲ್ಲಿಯ ಶಾಲೆಗಳು ಹಿಮ್ಮೇಳವನ್ನು ಬಾಡಿಗೆ ಸಾಮಾನಿನ ಹಾಗೆ ನೋಡಬಾರದು ಎಂಬುದು ಹಿಮ್ಮೇಳ ಕಲಿಸುವ ನಮ್ಮೆಲ್ಲರ ಕಳಕಳಿ.

ಮೊಬೈಲಿಗೆ ಕುಣಿದು ಕಲಿತದ್ದು ರಂಗದಲ್ಲಿ ಯಾಕೆ ಕೈಕೊಡುತ್ತದೆ ಎಂದು ಮೊದಲು ಹೇಳುತ್ತೇವೆ. ಮೊಬೈಲಿನ ಪದ್ಯದಲ್ಲಿ ಒಂದು ಸಾಲು ಎರಡು ಸಲ ಬಂದು ಬಿಡ್ತಿಗೆ (ಸಾಲು ಮುಗಿದ ಮೇಲೆ ಕುಣಿತಕ್ಕೆ ಬರುವ ವಾದ್ಯದ ನುಡಿ) ಬೀಳುತ್ತದೆ. ಐದು ತಿಂಗಳೂ ಹಾಗೇ ಬಂದಿರುತ್ತದೆ. ಆಟದ ದಿನ ಕುಳಿತ ಭಾಗವತರು ಎದುರು ವೇಷ ಇನ್ನೂ ಜಾಗಕ್ಕೆ ಬಂದಿಲ್ಲ ಎಂದು ಕಂಡು ಅದೇ ಸಾಲನ್ನು ಮೂರನೇ ಸಲ ಎತ್ತುತ್ತಾರೆ. ಅಷ್ಟರಲ್ಲಿ ಅರ್ಜುನನ ವೇಷದ ಹುಡುಗ ಮಂಡಿ ಹಾಕಿ ತಿರುಗಲು ಶುರು ಮಾಡಿಯಾಗಿದೆ. ಚಂಡೆಯವರು ಹುಡುಗನನ್ನು ನೋಡಿ ನುಡಿಸಬೇಕೋ, ಭಾಗವತರನ್ನು ನೋಡಿ ಕೈ ತಡೆಯಬೇಕೋ ತಿಳಿಯದೆ ಅರ್ಧಕ್ಕೆ ನಿಲ್ಲುತ್ತಾರೆ. ಹುಡುಗ ಎದ್ದು ನಿಂತಾಗ ಬೆನ್ನು ಸಭೆಯ ಕಡೆಗಿರುತ್ತದೆ. ಹುಡುಗನದ್ದೂ ತಪ್ಪಿಲ್ಲ, ಭಾಗವತರದ್ದೂ ತಪ್ಪಿಲ್ಲ. ವೇಷ ನೋಡಿ ಭಾಗವತರು ಹಾಡುತ್ತಾರೆ, ಭಾಗವತರ ತಾಳ ಹಿಡಿದ ಕೈ ನೋಡಿ ಮದ್ದಳೆ ನಡೆಯುತ್ತದೆ, ಇಬ್ಬರನ್ನೂ ಕೇಳಿಸಿಕೊಂಡು ವೇಷ ಹೆಜ್ಜೆ ಇಡುತ್ತದೆ. ಈ ಕೊಡು-ಕೊಳ್ಳುವಿಕೆ ಮೊಬೈಲಿನಿಂದ ಬರುವಂಥದ್ದಲ್ಲ. ತಂಡದ ಮಕ್ಕಳಲ್ಲೇ ಹಾಡುವವರೂ ನುಡಿಸುವವರೂ ಇದ್ದು, ವಾರ ವಾರ ಒಟ್ಟಿಗೆ ಕೂತಾಗಲೇ ಬರಬೇಕು.

ಹಾಗಾದರೆ ಹಿಮ್ಮೇಳಕ್ಕೆ ಸೇರುವ ಮಗು ಏನಕ್ಕೆ ಸಿದ್ಧವಾಗಿರಬೇಕು? ಇದನ್ನು ಮಗುವಿಗೂ ಮನೆಯವರಿಗೂ ಸೇರುವ ದಿನವೇ ಹೇಳಿಬಿಡಬೇಕು.

ಮೊದಲ ಆರರಿಂದ ಎಂಟು ವಾರ ವಾದ್ಯ ಕೈಗೆ ಸಿಗುವುದಿಲ್ಲ. ಬಾಯಲ್ಲಿ ಜತಿ (ವಾದ್ಯದ ನುಡಿಯನ್ನು ಬಾಯಲ್ಲಿ ಹೇಳುವುದು), ಕೈಯಲ್ಲಿ ತಾಳ, ಅಷ್ಟೇ. ಚಂಡೆ ಬಾರಿಸುವ ಆಸೆಯಿಂದ ಬಂದ ಮಕ್ಕಳಿಗೆ ಇದು ಬೇಸರ ತರಿಸುತ್ತದೆ, ಅರ್ಧ ಜನ ಬಿಟ್ಟುಹೋಗುವುದೂ ಇಲ್ಲೇ. ಆದರೂ ಈ ಹಂತ ಹಾರಿಸಬಾರದು. ತಾಳದ ಒಂದು ಸುತ್ತಿನ ಎಣಿಕೆ ಏಕತಾಳಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10 ಅಕ್ಷರ. ಏಕ, ರೂಪಕ ಬೇಗ ಹತ್ತುತ್ತವೆ. ತ್ರಿವುಡೆಯಲ್ಲಿ ಬಹುತೇಕ ಎಲ್ಲ ಮಕ್ಕಳೂ ಒಂದೇ ಕಡೆ ಎಡವುತ್ತಾರೆ. ಸಿನಿಮಾ ಹಾಡು ಕೇಳಿ ಕೇಳಿ ನಾಲ್ಕರ ಲೆಕ್ಕಕ್ಕೆ ಒಗ್ಗಿದ ಕಿವಿ ಏಳರ ಕೊನೆಗೆ ಒಂದು ಅಕ್ಷರ ಸುಮ್ಮನೆ ಸೇರಿಸಿ ಎಂಟು ಮಾಡಿಬಿಡುತ್ತದೆ. ಮೂರು ಮತ್ತು ನಾಲ್ಕು ಎಂದು ಒಡೆದು, ಮೂರಕ್ಕೆ ಒಂದು ಪೆಟ್ಟು, ನಾಲ್ಕಕ್ಕೆ ಎರಡು ಪೆಟ್ಟು ಹಾಕಿಸಿದರೆ ಈ ದೋಷ ಹೋಗುತ್ತದೆ. ಹೋಯಿತೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಮೊಬೈಲಿನ ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್) ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ತಾಳ ಹಾಕಿಸಿ, ನಡುವೆ ಎಂಟು ಆವರ್ತನೆ (ತಾಳದ ಸುತ್ತು) ಶಬ್ದ ಮುಚ್ಚಿ, ಮತ್ತೆ ಬಿಡಿ. ಮಗುವಿನ ಪೆಟ್ಟೂ ಮೆಟ್ರೊನೋಮಿನ ಪೆಟ್ಟೂ ಕೂಡಿದರೆ ಆ ಮಗುವಿಗೆ ವಾದ್ಯ ಕೊಡಬಹುದು. ಮುಂದೆ ಓಡಿದ್ದರೆ ಇನ್ನೆರಡು ವಾರ ಬಾಯಿಪಾಠವೇ ಆಗಲಿ.

ಮನೆಯಲ್ಲಿ ದಿನಕ್ಕೆ 20 ನಿಮಿಷ, ಶಾಲೆಯಲ್ಲಿ ವಾರಕ್ಕೆ ಎರಡು ದಿನ ಒಂದೊಂದು ತಾಸು. ಇದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ, ಕಡಿಮೆಯಾದರೆ ಕೈ ತಿರುಗುವುದಿಲ್ಲ. ಭಾನುವಾರ ಒಂದೇ ದಿನ ಮೂರು ತಾಸು ಕೂತು ಬಾಕಿ ತೀರಿಸುತ್ತೇನೆ ಎಂದರೆ ಬೆರಳು ಊದುವುದೇ ಲಾಭ.

ಮದ್ದಳೆ ಕಲಿಯುವವರು ಉಗುರು ಕತ್ತರಿಸಿರಬೇಕು, ಉಂಗುರ ತೆಗೆದಿಟ್ಟಿರಬೇಕು. ಉಗುರು ತಾಗಿ ಕರಣೆ (ಚರ್ಮದ ನಡುವಿನ ಕಪ್ಪು ಲೇಪ) ಏಳುತ್ತದೆ, ಉಂಗುರ ತಾಗಿ ಚರ್ಮ ಕೊಯ್ಯುತ್ತದೆ. ಶುರುವಿನಲ್ಲಿ ಒಮ್ಮೆಗೆ ಹದಿನೈದು ನಿಮಿಷ ಸಾಕು. ಬೆರಳಿಗೆ ಬೊಕ್ಕೆ ಎದ್ದರೆ ಒಣಗುವ ತನಕ ಬಾಯಿತಾಳ. ಶ್ರುತಿ ಮಾಡಲು ಸುತ್ತಿಗೆ ಮಕ್ಕಳ ಕೈಗೆ ಕೊಡಬೇಡಿ. ಅಂಚಿಗೆ ಮೇಲಿನಿಂದ ಕೆಳಕ್ಕೆ ಬಡಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಬಡಿದರೆ ಇಳಿಯುತ್ತದೆ ಎಂಬುದನ್ನು ನೋಡಿ ತಿಳಿದಿರಲಿ. ಒಂದೇ ಕಡೆ ಜೋರಾಗಿ ಬಡಿದರೆ ಮುಚ್ಚಿಗೆ (ಬಾಯಿಗೆ ಬಿಗಿದ ಚರ್ಮದ ಹೊದಿಕೆ) ಹರಿಯುತ್ತದೆ, ಆ ವರ್ಷದ ಕಲಿಕೆ ಅಲ್ಲಿಗೆ ನಿಂತಂತೆ.

ಚಂಡೆಯಲ್ಲಿ ತಪ್ಪು ಬರುವುದು ಕೋಲು ಹಿಡಿಯುವಲ್ಲಿ. ಗಟ್ಟಿಯಾಗಿ ಮುಷ್ಟಿ ಹಿಡಿದು ಮೊಣಕೈಯಿಂದ ಬೀಸುವ ಮಗು ಹತ್ತು ನಿಮಿಷದಲ್ಲಿ ಸುಸ್ತಾಗುತ್ತದೆ, ವೇಗ ಏರಿದಾಗ ಎಡಗೈ ಹಿಂದೆ ಬೀಳುತ್ತದೆ. ಮಣಿಕಟ್ಟು ಮಾತ್ರ ಆಡಬೇಕು, ಪೆಟ್ಟು ಬಿದ್ದ ಕೂಡಲೇ ಕೋಲು ತಾನಾಗಿ ಮೇಲೇಳಬೇಕು. ಎಡಗೈಯಿಂದಲೇ ಶುರುವಾಗುವ ಪಾಠ ದಿನಕ್ಕೆ ಐದು ನಿಮಿಷ ಇರಲಿ. ಇಡೀ ತರಗತಿ ಒಂದೇ ಕೋಣೆಯಲ್ಲಿ ಚಂಡೆ ಬಾರಿಸುವುದು ಬೇಡವೇ ಬೇಡ. ಬಯಲಲ್ಲಿ ದೂರದ ಊರಿಗೆ ಕೇಳುವಂತೆ ಮಾಡಿದ ವಾದ್ಯ ಅದು, ನಾಲ್ಕು ಗೋಡೆಯೊಳಗೆ ಮಕ್ಕಳ ಕಿವಿಗೆ ಹಾನಿ. ಹಲಗೆಗೆ ದಪ್ಪ ರಬ್ಬರ್ ಶೀಟು ಹೊಡೆದು ಅದರ ಮೇಲೆ ಪಾಠ ಮಾಡಿಸಿ, ನಿಜವಾದ ಚಂಡೆ ಜಗುಲಿಯಲ್ಲೋ ಮೈದಾನದ ಅಂಚಿನಲ್ಲೋ ಒಬ್ಬೊಬ್ಬರಿಗೆ ಸಿಗಲಿ. ಹತ್ತಿರ ಕೂರುವವರಿಗೆ ಔಷಧದಂಗಡಿಯಲ್ಲಿ ಸಿಗುವ ಫೋಮಿನ ಇಯರ್ ಪ್ಲಗ್ ಕೊಡಿಸಿ, ಹತ್ತಿಯಿಂದ ಅಷ್ಟು ಪ್ರಯೋಜನವಿಲ್ಲ. ಮತ್ತೊಂದು ಮಾತು: ಚಂಡೆಯವರಿಗೆ ಸುಮ್ಮನಿರಲು ಬರಬೇಕು. ಪದ್ಯದ ಮಾತು ಸಭೆಗೆ ಮುಟ್ಟುವಾಗ ಮದ್ದಳೆ ಸಾಕು. ಕರುಣ ರಸದ ಪದ್ಯಕ್ಕೆ ಕೋಲು ಕೆಳಗಿಟ್ಟು ಕೂರುವುದನ್ನೂ ಪಾಠವಾಗಿಯೇ ಕಲಿಸಬೇಕು.

ಭಾಗವತಿಕೆಗೆ ಎಂಟು, ಒಂಬತ್ತನೇ ತರಗತಿಯ ಹುಡುಗರು ಬಂದರೆ ಅವರ ದನಿ ಒಡೆಯುವ ವಯಸ್ಸು ಎಂಬುದು ನೆನಪಿರಲಿ. ಹೆಸರಾಂತ ಭಾಗವತರ ಶ್ರುತಿಯಲ್ಲೇ ಹಾಡಬೇಕೆಂದು ಕಿರುಚಿಸಿದರೆ ಗಂಟಲು ಕಟ್ಟುತ್ತದೆ. ದನಿ ಒಡೆದ ತಿಂಗಳುಗಳಲ್ಲಿ ಹಾರ್ಮೋನಿಯಮ್ಮಿನ ಎರಡು ಮೂರು ಮನೆಯಷ್ಟು ಶ್ರುತಿ ಇಳಿಸಿ, ಒಮ್ಮೆಗೆ ಹತ್ತು ನಿಮಿಷ ಹಾಡಿಸಿ, ಉಳಿದ ಹೊತ್ತು ತಾಳ ಹಿಡಿಸಿ. ಮದ್ದಳೆ ಒಂದು ಮಿತಿಯೊಳಗೆ ಮಾತ್ರ ಏರಿಳಿಯುತ್ತದೆ. ಹಾಗಾಗಿ ಮೊದಲು ಹಾಡುವ ಮಗುವಿನ ಶ್ರುತಿ ನೋಡಿ, ಆಮೇಲೆ ಮದ್ದಳೆ ತನ್ನಿ. ಹುಡುಗಿಯರನ್ನು ಈ ಜಾಗಕ್ಕೆ ಕರೆಯಲು ಹಿಂಜರಿಯುವ ಶಾಲೆಗಳು ಇನ್ನೂ ಇವೆ. ತೆಂಕುತಿಟ್ಟಿನ (ಕರಾವಳಿಯ ದಕ್ಷಿಣ ಭಾಗದ ಯಕ್ಷಗಾನ ಶೈಲಿ) ವೃತ್ತಿಮೇಳದಲ್ಲಿ ಮಹಿಳಾ ಭಾಗವತರಾದ ಲೀಲಾವತಿ ಬೈಪಾಡಿತ್ತಾಯರು ಹಾಡಿ ತೋರಿಸಿದ ಮೇಲೂ ಈ ಹಿಂಜರಿಕೆ ಯಾಕೆ?

ಮಳೆಗಾಲದ ಮಾತು ಹೇಳಲೇಬೇಕು, ಯಾಕೆಂದರೆ ಕಲಿಕೆ ನಡೆಯುವುದೇ ಆಗ, ವಾದ್ಯ ಕೆಡುವುದೂ ಆಗಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಗಾಳಿಯ ಪಸೆಗೆ ಚರ್ಮ ಸಡಿಲಾಗುತ್ತದೆ, ಬೂಸರು ಹಿಡಿಯುತ್ತದೆ, ಕರಣೆ ಬಿರಿದು ಉದುರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ ಹಾಳು. ದಪ್ಪ ಬಟ್ಟೆಯ ಚೀಲ ಹೊಲಿಸಿ, ನುಡಿಸಿದ ಮೇಲೆ ಒಣಬಟ್ಟೆಯಿಂದ ಕೈಬೆವರು ಒರೆಸಿ, ಮರದ ಕಪಾಟಿನಲ್ಲಿ ನೆಲ ಬಿಟ್ಟು ಮೇಲಿನ ಹಲಗೆಯಲ್ಲಿ ಇಡಿ. ಕಪಾಟಿನ ಕೆಳಗಡೆ 15 ವಾಟ್‌ನ ಹಳೇ ಮಾದರಿಯ ಬಲ್ಬು, ಬಟ್ಟೆಗೆ ತಾಗದಂತೆ, ಹಗಲು ಹೊತ್ತು ಉರಿದರೆ ಪಸೆ ಹೋಗುತ್ತದೆ. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ. ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅಲ್ಲಿ ಬಿಸಿ ಹೆಚ್ಚಾಗಿ ಮರ ಸೀಳಿದರೆ ರಿಪೇರಿಯೇ ಇಲ್ಲ.

ಎಷ್ಟು ಮಕ್ಕಳು ಬೇಕು? ಭಾಗವತಿಕೆಗೆ ಇಬ್ಬರು, ಮದ್ದಳೆಗೆ ಇಬ್ಬರು, ಚಂಡೆಗೆ ಇಬ್ಬರು. ಪ್ರತಿ ಜೋಡಿಯಲ್ಲಿ ಒಬ್ಬರು ಒಂಬತ್ತನೆಯವರು, ಒಬ್ಬರು ಎಂಟನೆಯವರು. ಹತ್ತನೇ ತರಗತಿಯವರನ್ನು ಡಿಸೆಂಬರ್ ಗ್ಯಾದರಿಂಗ್ ಮುಗಿದ ದಿನ ಪರೀಕ್ಷೆಗೆ ಬಿಟ್ಟುಬಿಡಬೇಕು. ಈ ಜೋಡಿ ಇಲ್ಲದ ಶಾಲೆಯಲ್ಲಿ ಒಬ್ಬ ಒಳ್ಳೆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ವರ್ಷವೇ ಚಂಡೆ ಮೂಲೆ ಸೇರುತ್ತದೆ. ಕಲಿತದ್ದನ್ನು ಕೆಳಗಿನ ತರಗತಿಯವರಿಗೆ ಹೇಳಿಕೊಡುವುದೂ ತಂಡಕ್ಕೆ ಸೇರುವವರ ಕರ್ತವ್ಯ ಎಂದು ಮೊದಲೇ ತಿಳಿಸಿ.

ಸತತ ಮೂರು ಅಭ್ಯಾಸ ಕಾರಣವಿಲ್ಲದೆ ತಪ್ಪಿಸಿದವರು ಆ ವರ್ಷ ರಂಗಕ್ಕೆ ಏರುವುದಿಲ್ಲ ಎಂಬ ನಿಯಮ ಇರಲಿ, ಆದರೆ ಬಸ್ಸು ತಪ್ಪಿದ್ದು, ಮಳೆಗೆ ಹಳ್ಳ ಬಂದದ್ದು ಕಾರಣವಲ್ಲ ಎನ್ನಬೇಡಿ. ಘಟ್ಟದ ಮೇಲಿನ ಮಕ್ಕಳಿಗೆ ಸಂಜೆಯ ಒಂದೇ ಬಸ್ಸು ಎಲ್ಲವನ್ನೂ ನಿರ್ಧರಿಸುತ್ತದೆ. ಅಭ್ಯಾಸವನ್ನು ಮಧ್ಯಾಹ್ನದ ಊಟದ ನಂತರದ ಅವಧಿಗೆ ಅಥವಾ ಶನಿವಾರ ಶಾಲೆ ಬಿಟ್ಟ ಮೇಲಕ್ಕೆ ಇಟ್ಟರೆ ಹಾಜರಿ ನಿಲ್ಲುತ್ತದೆ.

ನಮ್ಮಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಎರಡೂ ಕಡೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಜೂನ್ ಮೊದಲ ವಾರದಲ್ಲೇ ಯಕ್ಷಗಾನ ತಂಡವಿರುವ ಪ್ರೌಢಶಾಲೆಗಳಿಗೆ ಒಂದು ಪುಟದ ಸೂಚನೆ ಕಳಿಸಲಿ ಎಂದು ಕೋರುತ್ತೇವೆ. ಅಭ್ಯಾಸದ ದಿನ, ಮನೆಯ 20 ನಿಮಿಷ, ವಾದ್ಯದ ಜವಾಬ್ದಾರಿ, ಹತ್ತನೆಯವರನ್ನು ಬಿಡುವ ದಿನಾಂಕ ಅದರಲ್ಲಿರಲಿ. ಕೆಳಗೆ ಪಾಲಕರ ಸಹಿ, ಪಕ್ಕದಲ್ಲಿ ಆ ಮಗುವಿನ ಕೊನೆಯ ಬಸ್ಸಿನ ಹೊತ್ತು ಬರೆಯಲು ಒಂದು ಖಾಲಿ ಜಾಗ.

ಇಂತಿ,
ಹಿಮ್ಮೇಳ ಕಲಿಸುವ ಕೆಲವರು
ಶಿರಸಿ, ಸಿದ್ದಾಪುರ, ಹೊನ್ನಾವರ